ಬಿರುಗಾಳಿಗೆ ವಾಲಿದ ಬೇಲಿ: ಯಾವ ರಿಪೇರಿ ಯಾರಿಗೆ ಸರಿ?

ಗಾಳಿ ಮಳೆ ನಿಂತ ಮಾರನೇ ದಿನ ವಾಲಿದ ಬೇಲಿಯ ಮುಂದೆ ನಿಂತವರಿಗೆ ಮೂರು ದಾರಿ ಕಾಣುತ್ತವೆ. ಕಂಬಕ್ಕೆ ಏನಾದರೂ ಆಸರೆ ಕೊಟ್ಟು ನಿಲ್ಲಿಸುವುದು, ಕೆಟ್ಟ ಕಂಬಗಳನ್ನಷ್ಟೇ ಬದಲಿಸುವುದು, ಇಲ್ಲವೇ ಇಡೀ ಬೇಲಿ ಕಿತ್ತು ಬೇರೆ ಸಾಮಗ್ರಿಯಲ್ಲಿ ಹೊಸದಾಗಿ ಕಟ್ಟಿಸುವುದು. ಹೆಚ್ಚಿನವರು ಮುರಿದ ಹಲಗೆಗಳನ್ನು ಎಣಿಸಿ ತೀರ್ಮಾನಕ್ಕೆ ಬರುತ್ತಾರೆ. ಆದರೆ ತೇವದ ಹವೆಯಲ್ಲಿ ಬೇಲಿ ಕೆಡುವುದು ಕಂಬ ಮಣ್ಣಿಗೆ ಇಳಿಯುವ ಜಾಗದಲ್ಲಿ. ಹಲಗೆ ಯಾವಾಗ ಬೇಕಾದರೂ ಬದಲಾಯಿಸಬಹುದಾದ ವಸ್ತು. ಹಣ, ಶ್ರಮ ಎರಡನ್ನೂ ಎಲ್ಲಿ ಹಾಕಬೇಕೆಂಬುದನ್ನು ಕಂಬದ ಬುಡ ನೋಡಿಯೇ ನಿರ್ಧರಿಸಿ.

ಬೇಲಿ ಮುಟ್ಟುವ ಮೊದಲು ಒಂದು ಎಚ್ಚರಿಕೆ: ತಂತಿ ಬೇಲಿ ಅಥವಾ ಕಬ್ಬಿಣದ ಬೇಲಿಯ ಮೇಲೆ ಎಲ್ಲಾದರೂ ಕರೆಂಟಿನ ತಂತಿ ಬಿದ್ದಿದೆಯೇ ಎಂದು ಉದ್ದಕ್ಕೂ ದೂರದಿಂದಲೇ ನೋಡಿಕೊಳ್ಳಿ. ಅರ್ಧ ಫರ್ಲಾಂಗು ಆಚೆ ಬಿದ್ದ ತಂತಿಯೂ ನೀವು ನಿಂತ ಕಡೆಗೆ ವಿದ್ಯುತ್ ತರಬಲ್ಲದು.

ಮೊದಲು ಬುಡ ಪರೀಕ್ಷೆ

ಪ್ರತಿ ಕಂಬದ ಸುತ್ತ 10ರಿಂದ 15 ಸೆಂ.ಮೀ. ಮಣ್ಣು ಕೆದಕಿ. ಚಪ್ಪಟೆ ತುದಿಯ ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲಮಟ್ಟದಲ್ಲೂ ಅದರ ಸ್ವಲ್ಪ ಕೆಳಗೂ ಕಂಬಕ್ಕೆ ಒತ್ತಿ. ಗಟ್ಟಿ ಮರವಾದರೆ ತುದಿ ನಿಲ್ಲುತ್ತದೆ. ಹೆಚ್ಚು ಬಲ ಹಾಕದೆ ಒಂದು ಸೆಂ.ಮೀ.ಗಿಂತ ಒಳಗೆ ಹೋದರೆ, ಅಥವಾ ಮೀಟಿದಾಗ ನಾರು ಉದ್ದಕ್ಕೆ ಸೀಳದೆ ಪುಡಿಯಾಗಿ ಉದುರಿದರೆ ಮರ ಕೊಳೆತು ಲಡ್ಡಾಗಿದೆ ಎಂದರ್ಥ. ಮರ ಕೊಳೆಸುವ ಶಿಲೀಂಧ್ರಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಮರದ ತೇವಾಂಶ ಶೇ. 20ರ ಒಳಗಿದ್ದರೆ ಅದು ಬೆಳೆಯುವುದಿಲ್ಲ. ನೆಲದ ಮೇಲಿನ ಭಾಗ ಬಿಸಿಲಿಗೆ ಒಣಗುತ್ತದೆ, ಆಳದ ಭಾಗಕ್ಕೆ ಗಾಳಿ ಸಿಗುವುದಿಲ್ಲ. ಎರಡೂ ಸಾಕಷ್ಟು ಸಿಗುವುದು ನೆಲಮಟ್ಟದ ಆಸುಪಾಸಿನ ಒಂದು ಗೇಣಿನಲ್ಲಿ. ಕಬ್ಬಿಣದ ಪೈಪು ತುಕ್ಕು ಹಿಡಿದು ತೆಳುವಾಗುವುದೂ ಹೆಚ್ಚಾಗಿ ಅಲ್ಲೇ. ಅದನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ದನಿಯಲ್ಲೇ ಗೊತ್ತಾಗುತ್ತದೆ.

ಆಮೇಲೆ ಕಂಬವನ್ನು ಎದೆಮಟ್ಟದಲ್ಲಿ ಹಿಡಿದು ಅಲುಗಾಡಿಸಿ, ಕಣ್ಣು ಬುಡದ ಮೇಲಿರಲಿ. ಕಾಂಕ್ರೀಟ್ ಗಟ್ಟೆಯ ಸಮೇತ ಅಲುಗಿದರೆ ಸೋತಿರುವುದು ಮಣ್ಣು, ಅಥವಾ ಗುಂಡಿಯ ಆಳ ಸಾಲದು. ಗಟ್ಟೆ ಅಲುಗದೆ ಕಂಬ ಮಾತ್ರ ಅಲುಗಿದರೆ ಬುಡ ಕೊಳೆತಿದೆ. ಕಂಬ ಭದ್ರವಾಗಿದ್ದು ಅಡ್ಡಪಟ್ಟಿ ಕಳಚಿ ಬಂದಿದ್ದರೆ ಅದು ಮೊಳೆಯ ಸೋಲು. ಅಂಥವರು ನೇರವಾಗಿ ಮೊಳೆ ಸ್ಕ್ರೂಗಳ ಭಾಗಕ್ಕೆ ಹೋಗಬಹುದು, ಅವರ ಖರ್ಚು ಅತಿ ಕಡಿಮೆ.

ಕೆಟ್ಟ ಕಂಬಗಳಿಗೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಮೂರರಲ್ಲಿ ಒಂದಕ್ಕಿಂತ ಕಡಿಮೆ ಕೆಟ್ಟಿದ್ದರೆ ರಿಪೇರಿಯೇ ಲಾಭ. ಅರ್ಧಕ್ಕಿಂತ ಹೆಚ್ಚು ಕೆಟ್ಟಿದ್ದರೆ ಉಳಿದವೂ ಅದೇ ವಯಸ್ಸಿನವು. ಮುಂದಿನ ಗಾಳಿಗೆ ಅವು ಬೀಳುವಾಗ ನಿಮ್ಮ ಹೊಸ ಕಂಬಗಳನ್ನೂ ಎಳೆದುಕೊಂಡೇ ಬೀಳುತ್ತವೆ.

ಯಾವುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು

ಗಾಳಿಯ ಲೆಕ್ಕ ಮೊದಲಿಗೆ ಬರಬೇಕು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 108 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರ್ ಮೇಲೆ ಬೀಳುವುದು ಸುಮಾರು 56 ಕಿಲೋ ಭಾರದಷ್ಟು ಒತ್ತಡ. 1.8 ಮೀ. ಎತ್ತರದ ಸಂದಿಲ್ಲದ ಹಲಗೆ ಬೇಲಿಯಲ್ಲಿ ಕಂಬಗಳ ನಡುವೆ 2.4 ಮೀ. ಅಂತರವಿದ್ದರೆ ಒಂದೊಂದು ಕಂಬದ ಪಾಲಿಗೆ ಕಡಿಮೆಯೆಂದರೂ 240 ಕಿಲೋ. ವೇಗ 144 ಕಿ.ಮೀ. ಆದರೆ ಅದೇ ಕಂಬ 430 ಕಿಲೋ ತಡೆಯಬೇಕು. ಕಂಬಗಳ ಅಂತರವನ್ನು 1.8 ಮೀ.ಗೆ ತಂದರೆ ಪ್ರತಿ ಕಂಬದ ಹೊರೆ ಕಾಲು ಭಾಗ ಇಳಿಯುತ್ತದೆ. ಎತ್ತರವನ್ನು 1.8ರಿಂದ 1.5 ಮೀ.ಗೆ ಇಳಿಸಿದರೆ ಬುಡವನ್ನು ಮಗುಚುವ ಬಲ ಶೇ. 30ರಷ್ಟು ಕಡಿಮೆಯಾಗುತ್ತದೆ. ಯಾವ ದುಬಾರಿ ಸಾಮಗ್ರಿಯೂ ಇಷ್ಟು ಅಗ್ಗವಾಗಿ ಈ ಲಾಭ ಕೊಡುವುದಿಲ್ಲ. ಒಂದು ಅಡಿ ಎತ್ತರ ಬಿಟ್ಟುಕೊಡಲು ಸಾಧ್ಯವೇ ಎಂದು ಮನೆಯವರೆಲ್ಲ ಕೂತು ಯೋಚಿಸುವುದು ಒಳ್ಳೆಯದು.

ಹಲಗೆಗಳ ನಡುವೆ ಸಂದು ಬಿಟ್ಟರೆ ಸಾಕೇ ಎಂದು ಹಲವರು ಕೇಳುತ್ತಾರೆ. 9 ಸೆಂ.ಮೀ. ಹಲಗೆಗೆ 2 ಸೆಂ.ಮೀ. ಸಂದು ಬಿಟ್ಟರೆ ತೆರೆದ ಭಾಗ ಶೇ. 18 ಮಾತ್ರ. ಹಲಗೆ ಒಣಗಲು ಅದು ಬಹಳ ಉಪಯೋಗ. ಗಾಳಿಯ ಹೊರೆ ಮಾತ್ರ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಅದಕ್ಕೆ ಮೂರನೇ ಒಂದು ಭಾಗವಾದರೂ ತೆರೆದಿರಬೇಕು.

ಎರಡನೆಯದು ತೇವ ಮತ್ತು ಗೆದ್ದಲು: ಮಣ್ಣು ಮುಟ್ಟುವ ಭಾಗ ಯಾವುದರದ್ದು, ಅಲ್ಲಿ ನೀರು ನಿಲ್ಲುತ್ತದೆಯೇ? ಮೂರನೆಯದನ್ನು ಕೊಳ್ಳುವಾಗ ಯಾರೂ ಕೇಳುವುದಿಲ್ಲ, ಆದರೆ ಗಾಳಿ ಮಳೆಯ ಊರಿನಲ್ಲಿ ಅದೇ ಮುಖ್ಯ: ಮುಂದಿನ ಸಲ ಹಾಳಾದಾಗ ಒಂದು ತುಂಡನ್ನಷ್ಟೇ ಬದಲಿಸಲು ಆಗುತ್ತದೆಯೇ, ಆ ತುಂಡು ಆಗಲೂ ಸಿಗುತ್ತದೆಯೇ? ಉಳಿದದ್ದು ಮರೆ ಎಷ್ಟು ಬೇಕು, ಕೈಯಲ್ಲಿ ಎಷ್ಟಿದೆ ಎಂಬುದು.

ಲೋಹದ ಪಟ್ಟಿ ಹೊಡೆದು ನಿಲ್ಲಿಸುವುದು

ಇದು ಎಲ್ಲಕ್ಕಿಂತ ಅಗ್ಗ. ಸುಮಾರು 70 ಸೆಂ.ಮೀ. ಉದ್ದದ ಕಲಾಯಿ ಮಾಡಿದ ಉಕ್ಕಿನ ಪಟ್ಟಿಯನ್ನು ಕಂಬಕ್ಕೂ ಕಾಂಕ್ರೀಟಿಗೂ ನಡುವೆ ದೊಡ್ಡ ಸುತ್ತಿಗೆಯಿಂದ ಅರ್ಧದಷ್ಟು ಆಳಕ್ಕೆ ಇಳಿಸಿ, ಮೇಲಿನ ಅರ್ಧವನ್ನು ಕಂಬಕ್ಕೆ ಸ್ಕ್ರೂ ಮಾಡುವುದು. ಕಂಬಕ್ಕೆ ಎರಡು ಪಟ್ಟಿ ಬೇಕು. ಗಾಳಿ ಹೊಡೆಯುವ ಬದಿಗೊಂದು, ಅದರ ಎದುರು ಬದಿಗೊಂದು. ಪಕ್ಕಗಳಿಗೆ ಹೊಡೆದರೆ ಪ್ರಯೋಜನವಿಲ್ಲ. ಮೊದಲು ಊರೆಗೋಲು ಕೊಟ್ಟು ಕಂಬವನ್ನು ತೂಗುಗುಂಡಿಗೆ ಸರಿಯಾಗಿ ನಿಲ್ಲಿಸಿಕೊಂಡು ಆಮೇಲೆ ಹೊಡೆಯಿರಿ. ಪಟ್ಟಿ ಹೊಡೆದ ಮೇಲೆ ಕಂಬವನ್ನು ನೇರ ಮಾಡಲು ಹೋದರೆ ಪಟ್ಟಿ ಸಡಿಲವಾಗುತ್ತದೆ.

ಕೊಳೆತ ನೆಲಮಟ್ಟದಲ್ಲಷ್ಟೇ ಇದ್ದು, ಕಾಂಕ್ರೀಟ್ ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಕೊಳೆತ ಒಂದು ಗೇಣು ಮೇಲಕ್ಕೆ ಹತ್ತಿದ್ದರೆ ಸ್ಕ್ರೂ ಹಿಡಿಯುವುದಿಲ್ಲ. ಗಟ್ಟೆಯೇ ಅಲುಗುತ್ತಿದ್ದರೆ ಪಟ್ಟಿಗೆ ಹಿಡಿಯಲು ಏನೂ ಇರುವುದಿಲ್ಲ. ಪಟ್ಟಿ ಇಳಿದ ಸಂದಿಯಲ್ಲಿ ನೀರು ನಿಲ್ಲದಂತೆ ಹೊರಾಂಗಣದ ಪಾಲಿಯುರೆಥೇನ್ ಸೀಲಂಟ್ ತುಂಬಲೇಬೇಕು. ಹೇಗಿದ್ದರೂ ಮರ ಒಳಗೆ ಕೊಳೆಯುತ್ತಲೇ ಇರುತ್ತದೆ, ಆದ್ದರಿಂದ ಒಂದೆರಡು ಮಳೆಗಾಲ ದಾಟಿಸುವ ಉಪಾಯವೆಂದೇ ಇದನ್ನು ತಿಳಿಯಿರಿ. ಬಾಡಿಗೆ ಮನೆಯವರಿಗೆ, ಮುಂದಿನ ವರ್ಷ ಹೇಗೂ ಬೇಲಿ ತೆಗೆಸುವವರಿಗೆ ಇದು ಸರಿಯಾದ ಆಯ್ಕೆ.

ಕಾಂಕ್ರೀಟಿನ ಮೋಟುಕಂಬ ಜೋಡಿಸುವುದು

ಕಂಬದ ಮೇಲ್ಭಾಗ ಗಟ್ಟಿಯಾಗಿದ್ದು ಬುಡ ಮಾತ್ರ ಹೋಗಿದ್ದರೆ ಇದಕ್ಕಿಂತ ಒಳ್ಳೆಯ ರಿಪೇರಿ ಇಲ್ಲ. ಬೇಕಾದದ್ದು ಕಂಬಿ ಹಾಕಿ ಎರಕ ಹೊಯ್ದ, 1.2 ಮೀ. ಉದ್ದದ, ಮೇಲ್ಭಾಗದಲ್ಲಿ ಎರಡು ಬೋಲ್ಟ್ ತೂತಿರುವ ಗಿಡ್ಡ ಕಂಬ. ಅರ್ಧ ಮಣ್ಣಿನೊಳಗೆ, ಅರ್ಧ ಮೇಲೆ. ಹಳೆಯ ಕಂಬಕ್ಕೆ ಒತ್ತಿಕೊಂಡಂತೆ 30 ಸೆಂ.ಮೀ. ಅಗಲ, 60 ಸೆಂ.ಮೀ. ಆಳದ ಗುಂಡಿ ತೋಡಿ. ಹಳೆಯ ಗಟ್ಟೆ ಅಡ್ಡ ಬಂದರೆ ಉಳಿ, ಸುತ್ತಿಗೆಯಿಂದ ಆ ಬದಿಯನ್ನು ಒಡೆದುಕೊಳ್ಳಿ. ಮೋಟುಕಂಬವನ್ನು ನಿಲ್ಲಿಸಿ, 12 ಮಿ.ಮೀ. ದಪ್ಪದ ಎರಡು ಬೋಲ್ಟ್‌ಗಳನ್ನು ಮರದ ಮೂಲಕ ಹಾಯಿಸಿ. ಎರಡೂ 10 ಸೆಂ.ಮೀ. ದಪ್ಪವಾಗಿದ್ದರೆ ಬೋಲ್ಟಿನ ಉದ್ದ 22 ಸೆಂ.ಮೀ. ಬೇಕು. ಮರದ ಬದಿಗೆ ಅಗಲವಾದ ವಾಷರ್ ಹಾಕದಿದ್ದರೆ ನಟ್ ಮರದೊಳಕ್ಕೆ ಹೂತುಹೋಗುತ್ತದೆ. ಕಂಬ ನೇರವಿದೆಯೆಂದು ಖಚಿತವಾದ ಮೇಲೆ ಕಾಂಕ್ರೀಟ್ ಹಾಕಿ.

ಈ ಕೆಲಸದ ಜೀವಾಳ ಕೊನೆಯ ಹಂತದಲ್ಲಿದೆ. ಕಾಂಕ್ರೀಟ್ ಒಂದು ವಾರ ಗಟ್ಟಿಯಾದ ಮೇಲೆ ಹಳೆಯ ಕಂಬವನ್ನು ನೆಲದಿಂದ 5 ಸೆಂ.ಮೀ. ಮೇಲೆ, ಕೊಳೆತ ಇನ್ನೂ ಮೇಲಿದ್ದರೆ ಅದನ್ನು ದಾಟಿ, ಗರಗಸದಿಂದ ಕತ್ತರಿಸಿ ಕೆಳಗಿನ ತುಂಡನ್ನು ತೆಗೆಯಿರಿ. ಕತ್ತರಿಸಿದ ಮುಖಕ್ಕೆ ಕಾಪರ್ ನ್ಯಾಫ್ತಿನೇಟ್‌ನಂಥ ಮರರಕ್ಷಕವನ್ನು ಹೀರುವಷ್ಟು ಬಳಿಯಿರಿ. ಈಗ ಮರ ಮಣ್ಣನ್ನು ಮುಟ್ಟುವುದೇ ಇಲ್ಲ. ಹಲವರು ಈ ಹಂತ ಬಿಟ್ಟುಬಿಡುತ್ತಾರೆ. ಆಗ ಕೊಳೆತ ಮೇಲೆ ಹತ್ತಿ ಬೋಲ್ಟಿನ ತೂತು ತಲುಪುತ್ತದೆ. ಬೇಲಿಯ ಹಲಗೆ ಬಿಚ್ಚಬೇಕಿಲ್ಲ ಎಂಬುದು ದೊಡ್ಡ ಅನುಕೂಲ. ನೋಡಲು ಅಂದವಿಲ್ಲ, ಹತ್ತು ಸೆಂ.ಮೀ. ಜಾಗ ಹೊರಚಾಚುತ್ತದೆ ಎಂಬುದು ಅನನುಕೂಲ. ಗಡಿಯ ಬೇಲಿಯಾದರೆ ಮೋಟುಕಂಬ ನಿಮ್ಮ ಕಡೆಗೇ ಬರುವಂತೆ ನೋಡಿಕೊಳ್ಳಿ, ಇಲ್ಲವಾದರೆ ಪಕ್ಕದ ಮನೆಯವರನ್ನು ಕೇಳಿಯೇ ಹಾಕಿ.

ಕಂಬವನ್ನೇ ಬದಲಿಸುವುದು

ಗಟ್ಟೆ ಅಲುಗಿದ್ದರೆ, ಅಥವಾ ಕಂಬ ನಡುವೆಯೂ ಸೀಳಿದ್ದರೆ ಬೇರೆ ದಾರಿಯಿಲ್ಲ. ಇಲ್ಲಿ ಶ್ರಮವೆಲ್ಲ ಗುಂಡಿಯಲ್ಲಿದೆ: ಹಳೆಯ ಗಟ್ಟೆಯೊಂದೇ ನೂರು ಕಿಲೋ ಮೀರುತ್ತದೆ. ನೀವು ಯಾವ ಕಂಬ ಹಾಕಿದರೂ ಈ ಶ್ರಮ ಅಷ್ಟೇ. ಹಾಗಾಗಿ ಉಳಿತಾಯವನ್ನು ಹಲಗೆಯಲ್ಲಿ ಮಾಡಿ, ಕಂಬದಲ್ಲಿ ಬೇಡ.

1.8 ಮೀ. ಎತ್ತರದ ಬೇಲಿಗೆ ಬಿರುಗಾಳಿಯ ಪ್ರದೇಶದಲ್ಲಿ ಗುಂಡಿ 90 ಸೆಂ.ಮೀ. ಆಳವಿರಲಿ, ಅಗಲ ಕಂಬದ ಮೂರು ಪಟ್ಟು, ಅಂದರೆ 10 ಸೆಂ.ಮೀ. ಕಂಬಕ್ಕೆ 30 ಸೆಂ.ಮೀ. 60 ಸೆಂ.ಮೀ. ಆಳ ಸಾಕೆನ್ನುವವರ ಮಾತು ಒಣ ಮಣ್ಣಿಗೆ ಸರಿ. ವಾರಗಟ್ಟಲೆ ಮಳೆ ಕುಡಿದ ಜೇಡಿಮಣ್ಣು ಕಂಬವನ್ನು ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಅಂಥ ಮಣ್ಣಿನಲ್ಲಿ ಗುಂಡಿಯ ತಳವನ್ನು 40 ಸೆಂ.ಮೀ.ಗೆ ಅಗಲಿಸಿ. ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ಅತಿ ಕೆಟ್ಟದ್ದು, ಗಾಳಿಗೆ ಗಟ್ಟೆ ಸಲೀಸಾಗಿ ಎದ್ದುಬರುತ್ತದೆ. ತೋಡುವ ಮೊದಲು ಅಡಿಯಲ್ಲಿ ನೀರಿನ ಪೈಪು, ಕೇಬಲ್ ಹಾದುಹೋಗಿದೆಯೇ ಎಂದು ವಿಚಾರಿಸಿಕೊಳ್ಳಿ.

ತಳಕ್ಕೆ 15 ಸೆಂ.ಮೀ. ಜಲ್ಲಿ ಹಾಕಿ ದಮ್ಮಸು ಮಾಡಿ, ಕಂಬವನ್ನು ಆ ಜಲ್ಲಿಯ ಮೇಲೆ ನಿಲ್ಲಿಸಿ. ಮರದ ಕಂಬದ ತಳವನ್ನೂ ಕಾಂಕ್ರೀಟಿನಿಂದ ಮುಚ್ಚಿದರೆ ನೀರು ತುಂಬಿದ ಲೋಟದಲ್ಲಿ ಕಂಬ ನಿಲ್ಲಿಸಿದ ಹಾಗೆ. ಒಳಗಿಳಿದ ನೀರಿಗೆ ಹೊರದಾರಿ ಇರುವುದಿಲ್ಲ. ಉಳಿದ 75 ಸೆಂ.ಮೀ. ತುಂಬಲು 1:2:4 ಅಳತೆಯಲ್ಲಿ ಪ್ರತಿ ಗುಂಡಿಗೆ 15 ಕಿಲೋ ಸಿಮೆಂಟ್, 20 ಲೀಟರ್ ಮರಳು, 40 ಲೀಟರ್ ಜಲ್ಲಿ, ಏಳೆಂಟು ಲೀಟರ್ ನೀರು. 50 ಕಿಲೋದ ಒಂದು ಮೂಟೆ ಮೂರು ಕಂಬಕ್ಕೆ ಬರುತ್ತದೆ. ಮರಳು ಮೊದಲೇ ಒದ್ದೆಯಿದ್ದರೆ ನೀರು ಕಡಿಮೆ ಮಾಡಿ. ಒಣ ಮಿಶ್ರಣವನ್ನು ಗುಂಡಿಗೆ ಸುರಿದು ಮೇಲಿಂದ ನೀರು ಹೊಯ್ಯುವ ಅಭ್ಯಾಸ ಬೇಡ, ಒಳಗೆ ಒಣ ಪುಡಿ ಹಾಗೇ ಉಳಿಯುತ್ತದೆ. ಗುಂಡಿಯಲ್ಲಿ ಮಳೆನೀರು ನಿಂತಿದ್ದರೆ ಪೂರ್ತಿ ಮೊಗೆದು ತೆಗೆಯಿರಿ. ನೀರಿನೊಳಕ್ಕೆ ಸುರಿದ ಕಾಂಕ್ರೀಟಿನ ಸಿಮೆಂಟ್ ತೊಳೆದುಹೋಗುತ್ತದೆ. ಮೇಲ್ಮೈ ನೆಲಕ್ಕಿಂತ 2-3 ಸೆಂ.ಮೀ. ಎತ್ತರವಿದ್ದು, ಕಂಬದಿಂದ ಹೊರಕ್ಕೆ ಇಳಿಜಾರಾಗಿರಲಿ. ಮರ ಒಣಗಿ ಕುಗ್ಗಿದ ಮೇಲೆ ಕಂಬಕ್ಕೂ ಕಾಂಕ್ರೀಟಿಗೂ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಮೂರ್ನಾಲ್ಕು ವಾರ ಬಿಟ್ಟು ನೋಡಿ ಆ ಸಂದಿಗೆ ಸೀಲಂಟ್ ಹಾಕಿ. ಮುಂದಿನ ಕೊಳೆತ ಶುರುವಾಗುವುದು ಅಲ್ಲಿಂದಲೇ.

ಎರಡು ದಿನ ಎರಡು ದಿಕ್ಕಿನ ಊರೆಗೋಲು ತೆಗೆಯಬೇಡಿ, ಒಂದು ವಾರ ಹಲಗೆ ಹೊಡೆಯಬೇಡಿ. ಏಳು ದಿನಕ್ಕೆ ಕಾಂಕ್ರೀಟಿಗೆ ಬರುವುದು 28 ದಿನದ ಬಲದ ಮೂರನೇ ಎರಡರಷ್ಟು.

ಯಾವ ಕಂಬ? ಮರವೇ ಬೇಕೆಂದರೆ ಮಣ್ಣಿನ ಸಂಪರ್ಕಕ್ಕೆಂದೇ ಒತ್ತಡದಲ್ಲಿ ರಾಸಾಯನಿಕ ಏರಿಸಿದ ಮರ ಕೇಳಿ. ತುದಿಯ ಚೀಟಿಯಲ್ಲಿ ಯುಸಿ4ಎ ಅಥವಾ ಎಚ್4 ಎಂದಿರಬೇಕು. ಯುಸಿ3, ಎಚ್3 ನೆಲದ ಮೇಲಿನ ಬಳಕೆಗೆ ಮಾತ್ರ. ಹಲಗೆಗೆ ಸರಿ, ಕಂಬಕ್ಕೆ ಸಲ್ಲದು. ಉದ್ದ ಕತ್ತರಿಸಬೇಕಾದರೆ ಕತ್ತರಿಸಿದ ತುದಿ ಮೇಲಿರಲಿ, ಏಕೆಂದರೆ ರಾಸಾಯನಿಕ ಮರದ ತಿರುಳಿನವರೆಗೆ ಇಳಿದಿರುವುದಿಲ್ಲ.

ಬಿಸಿ ಸತುವಿನಲ್ಲಿ ಅದ್ದಿದ 60 ಮಿ.ಮೀ. ಪೈಪು, ಗೋಡೆಯ ದಪ್ಪ 3 ಮಿ.ಮೀ. ಇರುವಂಥದ್ದು, ಒಳನಾಡಿನ ತೇವಕ್ಕೆ ನಾವು ಮೊದಲು ಹೇಳುವ ಆಯ್ಕೆ. ಗೆದ್ದಲಿನ ಚಿಂತೆಯಿಲ್ಲ, ಹಳೆಯ ಮರದ ಅಡ್ಡಪಟ್ಟಿಗಳನ್ನು ಪೈಪ್ ಕ್ಲಾಂಪಿನಿಂದ ಅದಕ್ಕೇ ಕೂರಿಸಬಹುದು. ಬಾಯಿಗೆ ಮುಚ್ಚಳ ಕಡ್ಡಾಯ. ಆಮೇಲೆ ವೆಲ್ಡಿಂಗ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಕತ್ತರಿಸಿದ, ಬೆಸೆದ ಜಾಗಕ್ಕೆಲ್ಲ ಸತು ಹೆಚ್ಚಿರುವ ಬಣ್ಣ ಎರಡು ಕೈ ಬಳಿಯಬೇಕು.

ಸಿಮೆಂಟ್ ಕಂಬ ಕೊಳೆಯುವುದಿಲ್ಲ, ಆದರೆ 2.7 ಮೀ. ಉದ್ದದ್ದು 65 ಕಿಲೋ ತೂಗುತ್ತದೆ, ಇಬ್ಬರು ಬೇಕು. ಅದರ ಶತ್ರು ಒಳಗಿನ ಕಂಬಿ. ಕಂಬಿ ಹೊರಮೈಗೆ ತೀರ ಹತ್ತಿರವಿದ್ದರೆ ತೇವ ತಗುಲಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ. ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಕಂಬಿಯ ಮೇಲೆ 25 ಮಿ.ಮೀ. ಕಾಂಕ್ರೀಟ್ ಇದೆಯೇ ಎಂದು ತುದಿಯಲ್ಲಿ ನೋಡಿ ಕೊಳ್ಳಿ. ಉದ್ದಕ್ಕೆ ತೋಡು ಇರುವ ಸಿಮೆಂಟ್ ಕಂಬವಾದರೆ ಹಲಗೆ ಪ್ಯಾನೆಲನ್ನು ಮೇಲಿಂದ ಜಾರಿಸಿ ಇಳಿಸಬಹುದು, ಮುರಿದರೆ ಹತ್ತು ನಿಮಿಷದಲ್ಲಿ ಬದಲಿಸಬಹುದು. ಪ್ಯಾನೆಲ್ ತೋಡಿನಲ್ಲಿ ಲಟಪಟ ಆಡದಂತೆ ಮರದ ಬೆಣೆ ಹೊಡೆಯಿರಿ.

ಇಡೀ ಬೇಲಿ ಬದಲಿಸುವುದಾದರೆ

ಮರೆ ಬೇಡ, ಗಡಿ ಗಟ್ಟಿಯಿದ್ದರೆ ಸಾಕು ಎನ್ನುವವರಿಗೆ ಚೈನ್‌ಲಿಂಕ್ ಜಾಲರಿಯನ್ನು ಮೀರಿಸುವುದು ಯಾವುದೂ ಇಲ್ಲ. ಗಾಳಿ ಸೀದಾ ಹಾದುಹೋಗುತ್ತದೆ. 50 ಮಿ.ಮೀ. ಕಣ್ಣಿನ, 10 ಗೇಜ್ ಅಂದರೆ 3.25 ಮಿ.ಮೀ. ತಂತಿಯದು ತೆಗೆದುಕೊಳ್ಳಿ, 12 ಗೇಜ್ ಅಗ್ಗ, ಆದರೆ 2.64 ಮಿ.ಮೀ. ತಂತಿಗೆ ತುಕ್ಕು ತಿನ್ನಲು ಉಳಿಯುವ ಲೋಹ ಕಡಿಮೆ. ಇದರ ರಿಪೇರಿ ಕೈಯಲ್ಲೇ ಆಗುತ್ತದೆ. ಹರಿದ ಜಾಗದ ಎರಡೂ ಬದಿಯಲ್ಲಿ ಒಂದೊಂದು ಅಂಕುಡೊಂಕು ತಂತಿಯ ಮೇಲಿನ ಕೆಳಗಿನ ಕೊಕ್ಕೆಗಳನ್ನು ಇಕ್ಕಳದಿಂದ ಬಿಚ್ಚಿ, ತಂತಿಯನ್ನು ಸ್ಕ್ರೂ ತಿರುಗಿಸಿದಂತೆ ತಿರುಗಿಸುತ್ತಾ ಮೇಲಕ್ಕೆ ಎಳೆದರೆ ಜಾಲರಿ ಎರಡಾಗುತ್ತದೆ. ಹೊಸ ತುಂಡನ್ನಿಟ್ಟು ಅದೇ ತಂತಿಯನ್ನು ತಿರುಗಿಸಿ ಇಳಿಸಿದರೆ ಹೊಲಿಗೆ ಎಲ್ಲಿದೆ ಎಂದೇ ಕಾಣುವುದಿಲ್ಲ. ಇದಕ್ಕೆ ಬಳ್ಳಿ ಹಬ್ಬಿಸುವ ಆಸೆಯಿದ್ದರೆ ಮಾತ್ರ ಕಂಬಗಳನ್ನು ಹಲಗೆ ಬೇಲಿಯ ಲೆಕ್ಕದಲ್ಲೇ ಹೂಳಬೇಕು. ಮಳೆಯಲ್ಲಿ ತೊಯ್ದ ದಟ್ಟ ಬಳ್ಳಿ ಗಾಳಿಗೆ ಗೋಡೆಯೇ ಸರಿ.

ಪಿವಿಸಿ ಬೇಲಿಗೆ ಕೊಳೆತ, ಗೆದ್ದಲು, ತುಕ್ಕು ಯಾವುದೂ ಇಲ್ಲ. ಪಾಚಿಯನ್ನು ಸೋಪುನೀರಿನಲ್ಲಿ ತೊಳೆದರಾಯಿತು. ಆದರೆ ಟೊಳ್ಳು ಕಂಬದೊಳಗೆ ಲೋಹದ ಕೋಲು ಇಲ್ಲದಿದ್ದರೆ ಜೋರು ಗಾಳಿಗೆ ಬಾಗುತ್ತದೆ, ಪಟ್ಟಿಗಳು ಕಳಚಿ ಹಾರುತ್ತವೆ, ಸೀಳಿದ್ದಕ್ಕೆ ತೇಪೆ ಇಲ್ಲ. ಅದೇ ಅಚ್ಚಿನ ಪಟ್ಟಿ ಐದು ವರ್ಷದ ನಂತರ ಸಿಗದೆ ಹೋಗಬಹುದು, ಆದ್ದರಿಂದ ಕೊಳ್ಳುವಾಗಲೇ ಹತ್ತಕ್ಕೊಂದರಂತೆ ಹೆಚ್ಚಿಗೆ ಕೊಂಡಿಡಿ. ಅಲ್ಯೂಮಿನಿಯಂ ಸರಳಿನ ಬೇಲಿ ಗಾಳಿ ಬಿಡುತ್ತದೆ, ಕೆಂಪು ತುಕ್ಕು ಹಿಡಿಯುವುದಿಲ್ಲ, ಉಪ್ಪುಗಾಳಿಗೂ ಉಳಿದವಕ್ಕಿಂತ ಮೇಲು. ದುಬಾರಿ, ಕೊಂಬೆ ಬಿದ್ದು ಬಾಗಿದರೆ ಆ ಪ್ಯಾನೆಲನ್ನೇ ಬದಲಿಸಬೇಕು. ಮರದಪುಡಿ, ಪ್ಲಾಸ್ಟಿಕ್ ಬೆರೆಸಿದ ಕಾಂಪೋಸಿಟ್ ಹಲಗೆ ಅಂದವಾಗಿದೆ, ಆದರೆ ಭಾರ ಹೆಚ್ಚು, ಸಂದಿಲ್ಲದೆ ಕೂರಿಸಿದರೆ ಬಿಸಿಲಿಗೆ ಹಿಗ್ಗಿ ಸೊಟ್ಟಗಾಗುತ್ತದೆ. ಬಿದಿರನ್ನು ಬೋರಾಕ್ಸ್ ದ್ರಾವಣದಲ್ಲಿ ನೆನೆಸಿದ್ದರೂ ಮಣ್ಣಿನಲ್ಲಿ ಹೂಳಬೇಡಿ, ಮಳೆಗೆ ಆ ಉಪ್ಪು ತೊಳೆದುಹೋಗುತ್ತದೆ. ಲೋಹದ ಕಂಬದ ನಡುವೆ ನೆಲಕ್ಕೆ ತಾಗದಂತೆ ಕಟ್ಟಿದರೆ ಬಿದಿರು ಅಗ್ಗದ, ಸುಲಭವಾಗಿ ಬದಲಿಸಬಹುದಾದ ಮರೆ.

ಮೊಳೆ, ಸ್ಕ್ರೂ, ಬೋಲ್ಟ್

ನುಣುಪು ಮೊಳೆ ಬೇಡ. ಮರ ನೆನೆದು ಉಬ್ಬಿ, ಒಣಗಿ ಕುಗ್ಗುತ್ತಾ ಮೊಳೆಯನ್ನು ತಾನಾಗಿಯೇ ಹೊರದೂಡುತ್ತದೆ. ಸ್ಕ್ರೂ ಅಥವಾ ಮೈಮೇಲೆ ಬಳೆಗಳಂತೆ ಗೀರಿರುವ ಮೊಳೆ ಬಳಸಿ. ಈಗಿನ ಸಂಸ್ಕರಿಸಿದ ಮರದಲ್ಲಿ ತಾಮ್ರ ಇರುತ್ತದೆ, ಅದು ಸಾಮಾನ್ಯ ಉಕ್ಕನ್ನೂ ತೆಳು ಸತುವಿನ ಹೊಳಪು ಸ್ಕ್ರೂಗಳನ್ನೂ ಬೇಗ ತಿನ್ನುತ್ತದೆ. ಬಿಸಿ ಸತುವಿನಲ್ಲಿ ಅದ್ದಿದ್ದು, ಮಾಸಲು ಬೂದು ಬಣ್ಣದ್ದು ಬೇಕು. ಕಡಲ ಹತ್ತಿರವಾದರೆ 316 ದರ್ಜೆಯ ಸ್ಟೇನ್‌ಲೆಸ್. ಪ್ರತಿ ಹಲಗೆ ಅಡ್ಡಪಟ್ಟಿಯ ಕೂಡುವಲ್ಲಿ ಎರಡು ಸ್ಕ್ರೂ, 1.8 ಮೀ. ಎತ್ತರಕ್ಕೆ ಅಡ್ಡಪಟ್ಟಿ ಮೂರು. ಗಾಳಿಗೆ ಹಲಗೆ ಕಳಚಿಕೊಳ್ಳಲಿ, ಕಂಬ ಉಳಿಯಲಿ ಎಂದು ಬೇಕೆಂದೇ ಸಡಿಲ ಹೊಡೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಹಾರಿದ ಹಲಗೆ ಯಾರ ಕಿಟಕಿಗೆ, ಯಾರ ತಲೆಗೆ ಬಡಿಯುತ್ತದೆಂದು ಹೇಳಲಾಗದು. ಹಲಗೆಯ ಕೆಳತುದಿ ನೆಲದಿಂದ 5 ಸೆಂ.ಮೀ. ಮೇಲಿರಲಿ.

ಯಾರಿಗೆ ಯಾವುದು

ಒಂದೆರಡು ಕಂಬ ಕೊಳೆತಿದ್ದು ಕೈಯಲ್ಲಿ ಹಣ ಕಡಿಮೆಯಿದ್ದರೆ ಮೋಟುಕಂಬ. ಅದು ಸಿಗದ ಕಡೆ ಲೋಹದ ಪಟ್ಟಿ ಹೊಡೆದು ಈ ಮಳೆಗಾಲ ದಾಟಿಸಿ. ಹಲಗೆಗಳು ಚೆನ್ನಾಗಿದ್ದು ಕಂಬಗಳು ಸಾಲಾಗಿ ಹೋಗಿದ್ದರೆ ಒಳನಾಡಿನಲ್ಲಿ ಪೈಪು ಕಂಬ, ಕಡಲಂಚಿನಲ್ಲಿ ಎಚ್4 ಮರ ಅಥವಾ ಚೆನ್ನಾಗಿ ಎರಕ ಹೊಯ್ದ ಸಿಮೆಂಟ್ ಕಂಬ, ಹಳೆಯ ಹಲಗೆಯನ್ನೇ ಅದಕ್ಕೆ ಕೂರಿಸಿ. ಬೇಲಿಯೆಲ್ಲ ಬಿದ್ದವರು ಸುತ್ತಲೂ ಒಂದೇ ಬಗೆ ಹಾಕಬೇಕೆಂದಿಲ್ಲ. ಗಾಳಿ ಹೊಡೆಯುವ ದಿಕ್ಕಿಗೆ ಜಾಲರಿ ಅಥವಾ ಸರಳು, ಕೂರುವ ಜಗಲಿಯ ಎದುರಿಗಷ್ಟೇ 1.5 ಮೀ. ಹಲಗೆ ಹಾಕಿದರೆ ಮರೆಯೂ ಸಿಗುತ್ತದೆ, ಖರ್ಚೂ ಇಳಿಯುತ್ತದೆ.

ಎಲ್ಲವನ್ನೂ ಒಂದೇ ಸಲ ಮಾಡಿಸಲು ಆಗದಿದ್ದರೆ ಗೇಟಿನ ಕಂಬ, ಮೂಲೆಯ ಕಂಬಗಳಿಂದ ಶುರುಮಾಡಿ. ಉಳಿದ ಸಾಲು ನಿಲ್ಲುವುದು ಅವುಗಳ ಬಲದ ಮೇಲೆ. ಗೇಟಿನ ಕಂಬಕ್ಕೆ ಗುಂಡಿ ಇನ್ನೂ 15 ಸೆಂ.ಮೀ. ಆಳ ಬೇಕು, ಗೇಟಿನ ರೆಕ್ಕೆಗೆ ನೆಲಕ್ಕಿಳಿಯುವ ಚಿಲಕ ಇರಬೇಕು, ಗಾಳಿಗೆ ಬಡಿದಾಡುವ ಗೇಟು ಒಂದು ರಾತ್ರಿಯಲ್ಲಿ ಕಂಬವನ್ನು ಸಡಿಲ ಮಾಡಬಲ್ಲದು. ನೆಲ ಇನ್ನೂ ಕೆಸರಾಗಿದ್ದರೆ ಕಾಂಕ್ರೀಟಿಗೆ ಅವಸರ ಬೇಡ. ವಾಲಿದ ಕಂಬಕ್ಕೆ ಎರಡು ದಿಕ್ಕಿನಿಂದ ಓರೆಯಾಗಿ ಊರೆಗೋಲು ಕೊಟ್ಟು, ಅದರ ಬುಡಕ್ಕೆ 60 ಸೆಂ.ಮೀ. ಗೂಟ ಹೊಡೆದು ಕಟ್ಟಿಡಿ. ತೋಡಿದ ಗುಂಡಿಗೆ ಒಂದು ರಾತ್ರಿ ಕಳೆದರೂ ನೀರು ಒಸರದಿದ್ದರೆ ಆಗ ಕಾಂಕ್ರೀಟ್ ಕಲೆಸಬಹುದು.